ಹರ್ನಿಯಾ ಶಸ್ತ್ರಚಿಕಿತ್ಸೆ: ಅದೇ ದಿನ ಮನೆಗೆ ಮರಳುವುದು ಹೇಗೆ?

ತೊಡೆಸಂದಿನ ಹರ್ನಿಯಾಕ್ಕೆ ಮೆಶ್ (ದುರ್ಬಲ ಜಾಗಕ್ಕೆ ಆಧಾರವಾಗಿ ಇಡುವ ಬಲೆಯಂಥ ತೇಪೆ) ಹಾಕಿಸಿಕೊಂಡವರು, ಬೇರೆ ಗಂಭೀರ ಕಾಯಿಲೆಗಳಿಲ್ಲದಿದ್ದರೆ, ಸಾಮಾನ್ಯವಾಗಿ ಅದೇ ಸಂಜೆ ಮನೆಗೆ ಹೋಗಬಹುದು. ಇದೇನೂ ಹೊಸ ಪದ್ಧತಿಯಲ್ಲ. ಗ್ಲಾಸ್ಗೋದ ಶಸ್ತ್ರವೈದ್ಯ ಜೇಮ್ಸ್ ನಿಕೋಲ್ ಅವರು ಹರ್ನಿಯಾವೂ ಸೇರಿದಂತೆ ಸುಮಾರು 9,000 ಮಕ್ಕಳ ಶಸ್ತ್ರಚಿಕಿತ್ಸೆಗಳನ್ನು ವಾರ್ಡಿನಲ್ಲಿ ಉಳಿಸಿಕೊಳ್ಳದೆ ನಡೆಸಿದ್ದನ್ನು 1909ರಲ್ಲೇ ವರದಿ ಮಾಡಿದ್ದರು.

ಸಿದ್ಧತೆ ದಾಖಲಾಗುವ ಮೊದಲೇ ಆರಂಭವಾಗಬೇಕು. ಮೊದಲ 24 ಗಂಟೆ ಜೊತೆಗಿರಲು ಒಬ್ಬ ವಯಸ್ಕರನ್ನು ಗೊತ್ತುಮಾಡಿಕೊಳ್ಳಿ. ಊರು ದೂರವಿದ್ದರೆ ಆ ರಾತ್ರಿ ಆಸ್ಪತ್ರೆಯ ಸಮೀಪದ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ತಂಗುವುದು ಲೇಸು. ವಿಮೆ ಇರುವವರು, 24 ಗಂಟೆಗೂ ಕಡಿಮೆ ಅವಧಿಯ ಡೇ ಕೇರ್ ಚಿಕಿತ್ಸೆಗೆ ತಮ್ಮ ಪಾಲಿಸಿ ಅನ್ವಯಿಸುತ್ತದೆಯೇ ಎಂಬುದನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು.

ಹೊರಡುವ ಹೊತ್ತನ್ನು ಗಡಿಯಾರಕ್ಕಿಂತ ದೇಹವೇ ನಿರ್ಧರಿಸಬೇಕು. ರಕ್ತದೊತ್ತಡ, ನಾಡಿ ಸ್ಥಿರವಾಗಿರಬೇಕು, ಕುಡಿದದ್ದು ವಾಂತಿಯಾಗದೆ ನಿಲ್ಲಬೇಕು, ತಲೆ ಸುತ್ತದೆ ನಡೆದಾಡುವಂತಾಗಬೇಕು, ನೋವು ಮಾತ್ರೆಗೇ ಹತೋಟಿಗೆ ಬರಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ ಮೂತ್ರ ಸಲೀಸಾಗಿ ಹೋಗಬೇಕು. ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು ಪಡೆದವರಿಗೆ, ಅದರಲ್ಲೂ ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ, ಮೂತ್ರಕೋಶ ತುಂಬಿದ್ದರೂ ಅದರ ಅರಿವಾಗದೆ ಕಟ್ಟಿಕೊಳ್ಳುವ ಸಂಭವವಿದೆ. ಸಂಕೋಚಪಟ್ಟು ‘ಮನೆಗೆ ಹೋದ ಮೇಲೆ ನೋಡೋಣ’ ಎಂದು ಹೊರಟವರು ನಡುರಾತ್ರಿ ಹೊಟ್ಟೆ ಬಿಗಿದು ತುರ್ತು ವಿಭಾಗಕ್ಕೆ ಮರಳಬೇಕಾದೀತು.

ಗಾಯದ ಸುತ್ತ ಕೊಟ್ಟ ಮರಗಟ್ಟಿಸುವ ಮದ್ದು ರಾತ್ರಿಯ ವೇಳೆಗೆ ಇಳಿಯುವುದರಿಂದ, ನೋವು ಬರಲಿ ಎಂದು ಕಾಯದೆ ಹೇಳಿದ ಹೊತ್ತಿಗೆ ಮಾತ್ರೆ ನುಂಗಿ. ಕೆಮ್ಮುವಾಗ, ಹಾಸಿಗೆಯಿಂದ ಏಳುವಾಗ ಅಂಗೈಯನ್ನೋ ಮಡಚಿದ ಟವೆಲನ್ನೋ ಗಾಯದ ಮೇಲೆ ಒತ್ತಿ ಹಿಡಿಯಿರಿ. ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಏಳುವುದು ಸುಲಭ. ಮಲಬದ್ಧತೆಯಾಗದಂತೆ ನೀರು, ಸೊಪ್ಪು, ಹಣ್ಣು ಸಾಕಷ್ಟಿರಲಿ. ಬೀಜಕೋಶದವರೆಗೂ ಚರ್ಮ ನೀಲಿಗಟ್ಟಿದರೆ ಗಾಬರಿಯಾಗುವುದು ಸಹಜವಾದರೂ, ಅದು ಹೆಚ್ಚಾಗಿ ಒಂದೆರಡು ವಾರದಲ್ಲಿ ತಾನಾಗಿ ಮಾಸುತ್ತದೆ.

ಆದರೆ ಜ್ವರ, ಕೀವು, ಬೆಳೆಯುತ್ತಲೇ ಹೋಗುವ ಊತ, ನಿಲ್ಲದ ರಕ್ತ ಅಥವಾ ವಾಂತಿ, ಹೊಟ್ಟೆಯುಬ್ಬರ, ಮೀನಖಂಡದ ನೋವು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯಬಾರದು. ರಾತ್ರಿ ಕರೆ ಮಾಡಬೇಕಾದ ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.

ಮನೆಯೊಳಗೆ ನಡೆದಾಟ ಮೊದಲ ದಿನದಿಂದಲೇ ಆಗಬೇಕು. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆಗಳನ್ನು ಮಾತ್ರ ನಾಲ್ಕರಿಂದ ಆರು ವಾರ ಇತರರಿಗೆ ಬಿಡಿ. ಸ್ಕೂಟರನ್ನು, ಗಾಯ ನೋಯದೆ ಥಟ್ಟನೆ ಬ್ರೇಕ್ ಒತ್ತಿ ಕಾಲೂರಲು ಸಾಧ್ಯವಾದ ಮೇಲೆ, ವೈದ್ಯರನ್ನು ಕೇಳಿಯೇ ಹತ್ತಿ.