ರಾಸ್ಪ್‌ಬೆರಿ ಪೈ 5: ತುಂಬಿಹೋದ ಎಸ್‌ಎಸ್‌ಡಿ ತೆಗೆದು ದೊಡ್ಡದು ಹಾಕುವುದು

ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಹಾಕಿದ ಎಸ್‌ಎಸ್‌ಡಿ (ಡೇಟಾ ಇಡುವ ಚಿಪ್ ಡಿಸ್ಕ್) ತುಂಬಿದೆ ಅಂತಿಟ್ಟುಕೊಳ್ಳಿ. ಹೊಸದಕ್ಕೆ ದುಡ್ಡು ಹಾಕುವುದಾದರೆ ಜಾಗಕ್ಕೆ ಹಾಕಿ, ವೇಗಕ್ಕೆ ಬೇಡ. ಪೈ 5ರಲ್ಲಿ ನಮ್ಮ ಬಳಕೆಗೆ ಬಿಟ್ಟಿರುವುದು ಪಿಸಿಐಇಯ (ಎಸ್‌ಎಸ್‌ಡಿ ಬೋರ್ಡಿನ ಜೊತೆ ಮಾತಾಡುವ ದಾರಿ) ಒಂದೇ ಲೇನ್, ಅದೂ ಎರಡನೇ ತಲೆಮಾರಿನದು, ಅಂದರೆ ಜೆನ್ 2. ಡಬ್ಬಿಯ ಮೇಲೆ ಸೆಕೆಂಡಿಗೆ 7000 ಎಂಬಿ ಅಂತ ಬರೆದಿದ್ದರೂ ಕೈಗೆ ಸಿಗುವುದು 400ರಿಂದ 450 ಅಷ್ಟೇ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಪೈ ಕಂಪನಿಯದೇ ಎಂ.2 ಹ್ಯಾಟ್ ಪ್ಲಸ್‌ನಲ್ಲಿ (ಪೈ ಮೇಲೆ ಕೂತು ಎಸ್‌ಎಸ್‌ಡಿ ಹಿಡಿಯುವ ಚಿಕ್ಕ ಬೋರ್ಡು) ಕೂರುವುದು 2230 ಮತ್ತು 2242 ಮಾತ್ರ, ಅಂದರೆ 22 ಮಿ.ಮೀ. ಅಗಲ, 30 ಅಥವಾ 42 ಮಿ.ಮೀ. ಉದ್ದದವು. ಲ್ಯಾಪ್‌ಟಾಪಿಗೆ ಹಾಕುವ ಉದ್ದದ 2280 ಕೂರುವುದಿಲ್ಲ. ದಾವಣಗೆರೆಯ ಅಂಗಡಿಯಲ್ಲಿ ಬರೀ 'ಎಂ.2 ಎಸ್‌ಎಸ್‌ಡಿ' ಅಂದರೆ 2280ಯನ್ನೇ ಕೈಗಿಡುವ ಸಂಭವ ಜಾಸ್ತಿ. ಅಳತೆ ಹೇಳಿಯೇ ಕೇಳಿ. ಸಿಗದಿದ್ದರೆ ಆನ್‌ಲೈನ್, ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡು. ಲೇಬಲ್ ಮೇಲೆ ಎನ್‌ವಿಎಂಇ ಅಂತ ಇರಲೇಬೇಕು, ಅದೇ ಆಕಾರದಲ್ಲಿ ಬರುವ ಹಳೇ ಬಗೆಯ ಸಾಟಾ ನಡೆಯುವುದಿಲ್ಲ. ಜೊತೆಗೆ ಹಳೇ ಡಿಸ್ಕನ್ನು ಹೊಸದಕ್ಕೆ ಕಾಪಿ ಮಾಡುವಾಗ ಹೊಸದನ್ನು ಹೊರಗಿನಿಂದ ಜೋಡಿಸಲು ಎನ್‌ವಿಎಂಇ ಹಿಡಿಯುವ ಒಂದು ಯುಎಸ್‌ಬಿ 3 ಎನ್‌ಕ್ಲೋಸರ್ (ಡಿಸ್ಕ್ ಡಬ್ಬಿ) ಬೇಕು.

ಇನ್ನು ಪವರ್. 5 ವೋಲ್ಟ್ 5 ಆಂಪ್ ಕೊಡುವ 27 ವಾಟ್ ಅಡಾಪ್ಟರ್ ಇಲ್ಲದಿದ್ದರೆ ಪೈ ತನ್ನ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿಸಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. ಎನ್‌ಕ್ಲೋಸರ್‌ನಲ್ಲಿರುವ ಎಸ್‌ಎಸ್‌ಡಿಗೆ ಅದು ಸಾಲದೆ ಕಾಪಿ ನಡುವೆಯೇ ಡಿಸ್ಕ್ ಮಾಯವಾಗುತ್ತದೆ. ಜನ ಡಿಸ್ಕನ್ನು ಬೈಯುತ್ತಾರೆ, ತಪ್ಪು ಫೋನ್ ಚಾರ್ಜರಿನದು. ಸರಿಯಾದ ಅಡಾಪ್ಟರ್ ಇದ್ದರೆ ಈ ಮಿತಿ 1.6 ಆಂಪ್‌ಗೆ ಏರುತ್ತದೆ. ಯುಪಿಎಸ್ ಮೇಲೆ ಹಾಕಿಕೊಂಡರೆ ಇನ್ನೂ ನೆಮ್ಮದಿ. ಅರ್ಧ ಕಾಪಿಯಾದಾಗ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಕಾಪಿಗೆ ಮುಂಚೆ ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ತಂತ್ರಾಂಶ) ಬಳಸುತ್ತಿದ್ದರೆ ಅದರ ಬೇಡದ ಇಮೇಜುಗಳನ್ನು ಅಳಿಸಿ. ಆಮೇಲೆ ಡಾಕರ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುತ್ತಿದ್ದರೆ ಎರಡನ್ನೂ ನಿಲ್ಲಿಸಿ. ಓಡುತ್ತಿರುವ ಡೇಟಾಬೇಸನ್ನು ಹಾಗೇ ಕಾಪಿ ಮಾಡಿದರೆ ಆ ಕಡೆ ಅದು ಎದ್ದೇಳುತ್ತದೆಂಬ ಭರವಸೆ ಇಲ್ಲ. ಹೊಸ ಡಿಸ್ಕನ್ನು ಎನ್‌ಕ್ಲೋಸರ್‌ಗೆ ಹಾಕಿ ನೀಲಿ ಪೋರ್ಟ್‌ಗೆ ಚುಚ್ಚಿ, ಆಕ್ಸೆಸರೀಸ್ ಮೆನುವಿನ ಎಸ್‌ಡಿ ಕಾರ್ಡ್ ಕಾಪಿಯರ್ ತೆರೆಯಿರಿ. ಹೆಸರು ಕಾರ್ಡಿನದಾದರೂ ಎಸ್‌ಎಸ್‌ಡಿಯನ್ನೂ ಕಾಪಿ ಮಾಡುತ್ತದೆ, ಪಾರ್ಟಿಶನ್ನನ್ನು ಹೊಸ ಡಿಸ್ಕಿನ ಪೂರ್ತಿ ಅಳತೆಗೆ ತಾನೇ ಹಿಗ್ಗಿಸುತ್ತದೆ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಎರಡು ಸಲ ನೋಡಿ. ತಿರುಗುಮುರುಗಾದರೆ ಇರುವುದೂ ಹೋಯಿತು. 'ನ್ಯೂ ಪಾರ್ಟಿಶನ್ ಯುಯುಐಡಿಸ್' ಎಂಬಲ್ಲಿ ಟಿಕ್ ಹಾಕಿ. ಇಲ್ಲದಿದ್ದರೆ ಎರಡೂ ಡಿಸ್ಕಿಗೆ ಒಂದೇ ಗುರುತು ಉಳಿದು, ಮುಂದೆ ಹಳೆಯದನ್ನು ಯುಎಸ್‌ಬಿಗೆ ಹಾಕಿದಾಗ ಸಿಸ್ಟಂ ಯಾವುದರಿಂದ ಎದ್ದಿದೆ ಎಂಬುದೇ ಗೊಂದಲ.

ಮುಗಿದ ಮೇಲೆ ಶಟ್‌ಡೌನ್ ಮಾಡಿ. ಎಲ್‌ಇಡಿ ಕೆಂಪಾಗಿ ನಿಂತರೆ ಪೈ ಮಲಗಿದೆ ಅಷ್ಟೇ, ಬೋರ್ಡಿಗೆ ಕರೆಂಟ್ ಇದ್ದೇ ಇದೆ. ಅಡಾಪ್ಟರ್ ವೈರನ್ನೂ ಕಿತ್ತಿಡಿ. ತುದಿಯ ಸ್ಕ್ರೂ ಬಿಚ್ಚಿದರೆ ಎಸ್‌ಎಸ್‌ಡಿ ತಾನೇ ಓರೆಯಾಗಿ ಮೇಲೇಳುತ್ತದೆ, ಅದೇ ಓರೆಯಲ್ಲಿ ಎಳೆಯಿರಿ. ಹೊಸದನ್ನೂ ಹಾಗೇ ತೂರಿಸಿ, ಚಿನ್ನದ ಬಣ್ಣದ ಕಾಲುಗಳು ಬಹುಪಾಲು ಒಳಗೆ ಹೋದ ಮೇಲೆ ಒತ್ತಿ ಸ್ಕ್ರೂ ಹಾಕಿ. ಹ್ಯಾಟ್‌ನಿಂದ ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ಲನ್ನು ಮುಟ್ಟಬೇಡಿ, ಅದರ ಪ್ಲಾಸ್ಟಿಕ್ ಚಿಲಕ ತೀರಾ ನಾಜೂಕು. ಡಿಸ್ಕ್ ಕಾಣಿಸದೇ ಹೋದರೆ ಮಾತ್ರ ಚಿಲಕ ಎತ್ತಿ ಕೇಬಲ್ಲನ್ನು ನೇರವಾಗಿ ಕೂರಿಸಿ.

ಸ್ಲಾಟಿನಲ್ಲಿ ಹಳೇ ಎಸ್‌ಡಿ ಕಾರ್ಡ್ ಉಳಿದಿದ್ದರೆ ತೆಗೆಯಿರಿ. ಪೈ 5ರ ಮಾಮೂಲಿ ಬೂಟ್ ಕ್ರಮದಲ್ಲಿ ಕಾರ್ಡೇ ಮೊದಲು. ಮತ್ತೆ ಪವರ್ ಕೊಟ್ಟಾಗ ಎಲ್ಲ ಸರಿಯಾಗಿದ್ದರೆ 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸುತ್ತದೆ. ಅದು ಲೆಕ್ಕದ ವ್ಯತ್ಯಾಸ, ಅಂಗಡಿಯವರು ಮೋಸ ಮಾಡಿಲ್ಲ.

ಪೈಯ ಸೆಟ್ಟಿಂಗ್ಸ್ ಸಾಧನವಾದ ರಾಸ್ಪಿ-ಕಾನ್ಫಿಗ್‌ನಲ್ಲಿ ಜೆನ್ 3 ಆನ್ ಮಾಡಿದರೆ ವೇಗ ಸೆಕೆಂಡಿಗೆ 800 ಎಂಬಿ ದಾಟುತ್ತದೆ. ಆದರೆ ಪೈ 5 ಜೆನ್ 3ಕ್ಕೆ ಪ್ರಮಾಣಿತವಲ್ಲ. ಸಿಸ್ಟಂ ತಾನೇ ಬರೆದಿಡುವ ಕರ್ನಲ್ ಲಾಗ್‌ನಲ್ಲಿ ಪಿಸಿಐಇ ದೋಷಗಳು ಕಂಡರೆ ತಕ್ಷಣ ಜೆನ್ 2ಕ್ಕೆ ಮರಳಿ. ಏಪ್ರಿಲ್ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗಿನ ರೂಮಾದರೆ ಮೊದಲು ಎನ್‌ವಿಎಂಇ ಸ್ಮಾರ್ಟ್ ಲಾಗ್‌ನಲ್ಲಿ (ಡಿಸ್ಕಿನ ಆರೋಗ್ಯ ವರದಿ) ಉಷ್ಣಾಂಶ ನೋಡಿ, 70 ಡಿಗ್ರಿ ಹತ್ತಿರ ಬಂದರೆ ತೆಳು ಹೀಟ್‌ಸಿಂಕ್ ಅಂಟಿಸಿ. ಹಳೇ ಡಿಸ್ಕನ್ನು ಒಂದು ವಾರ ಅಳಿಸಬೇಡಿ.