ಸಡಿಲವಾದ ಹಾರ್ಡ್ ಡಿಸ್ಕಿಗೆ ಮರದ ಪಟ್ಟಿ ಮತ್ತು ಸೈಕಲ್ ಟ್ಯೂಬು

ನನ್ನ ಹಳೆಯ ಕಂಪ್ಯೂಟರ್ ಕ್ಯಾಬಿನೆಟ್ಟಿನಲ್ಲಿ ಹಾರ್ಡ್ ಡಿಸ್ಕು ನೇರವಾಗಿ ಸ್ಕ್ರೂಗಳ ಮೇಲೆ ನಿಲ್ಲುವುದಿಲ್ಲ; ಎರಡೂ ಬದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ರೈಲುಗಳು ಅದನ್ನು ಹಿಡಿದಿರಬೇಕು. ಆ ರೈಲುಗಳು ಮುರಿದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿದರೂ ಅದೇ ಮಾದರಿಯವು ದೊರೆಯಲಿಲ್ಲವಾದ್ದರಿಂದ, ಖಾಲಿಯಿದ್ದ ಡಿವಿಡಿ ಡ್ರೈವಿನ ಜಾಗದಲ್ಲಿ ಡಿಸ್ಕನ್ನು ಕೂರಿಸಲು ನಿರ್ಧರಿಸಿದೆ.

ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕೆಂದರೆ ಸೆಕೆಂಡಿಗೆ 120 ಸುತ್ತು. ಬಿಗಿಯಿಲ್ಲದಿದ್ದರೆ ಆ ಕಂಪನ ತಗಡಿಗೆ ತಾಗಿ ಗುಂಯ್‌ಗುಡುತ್ತದೆ. ಶಬ್ದವನ್ನು ಹೇಗೋ ಸಹಿಸಬಹುದು; ಆದರೆ ಡಿಸ್ಕಿನ ಭಾರ ಕೇಬಲ್ಲಿನ ಮೇಲೆ ಬಿದ್ದರೆ ಕೇಬಲ್ ಸಿಕ್ಕಿಸುವ ಸಾಟಾ ಕನೆಕ್ಟರಿನ ತೆಳುವಾದ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ, ಅದರ ರಿಪೇರಿ ಸುಲಭವಲ್ಲ.

ಡಿವಿಡಿ ಡ್ರೈವಿನ ಅಗಲ ಸುಮಾರು 146 ಮಿ.ಮೀ., ಮೂರೂವರೆ ಇಂಚಿನ ಡಿಸ್ಕಿನ ಅಗಲ 101.6 ಮಿ.ಮೀ.; ಹಾಗಾಗಿ ಪ್ರತಿ ಬದಿಗೂ 22 ಮಿ.ಮೀ. ಜಾಗ ಉಳಿಯುತ್ತದೆ. ಬಡಗಿಯ ಬಳಿಯಿಂದ 20 ಮಿ.ಮೀ. ದಪ್ಪದ ಎರಡು ತುಂಡು ಪಟ್ಟಿಗಳನ್ನು ತಂದು, ಅಂಚುಗಳನ್ನು ಉಜ್ಜಿ ಮರದ ಹುಡಿಯನ್ನು ಚೆನ್ನಾಗಿ ಒರೆಸಿ, ಕ್ಯಾಬಿನೆಟ್ಟಿನ ಪಕ್ಕದ ರಂಧ್ರಗಳ ಮೂಲಕ ಮರದ ಸ್ಕ್ರೂ ಹಾಕಿ ಬಿಗಿದೆ. ಮರಕ್ಕೂ ಡಿಸ್ಕಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಇಟ್ಟು, ತುಸು ಒತ್ತಿದರೆ ಮಾತ್ರ ಒಳಗೆ ಹೋಗುವಷ್ಟು ಬಿಗಿ ಬರುವವರೆಗೆ ಅದರ ಮಡಿಕೆಯನ್ನು ಹೊಂದಿಸಿದೆ. ಟ್ಯೂಬಿನ ಕಪ್ಪು ರಬ್ಬರಿನಲ್ಲಿ ಕಾರ್ಬನ್ ಇರುವುದರಿಂದ ಅದು ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ತಾಗದಂತೆ ಕತ್ತರಿಸುವುದು ಒಳ್ಳೆಯದು. ಕೊನೆಗೆ ಮರಕ್ಕೂ ಡಿಸ್ಕಿಗೂ ಸೇರಿಸಿ ಎರಡು ಕೇಬಲ್ ಟೈಗಳನ್ನು ಸುತ್ತಿದೆ. ಅವು ಬೋರ್ಡಿನ ಬಿಡಿಭಾಗಗಳನ್ನು ಒತ್ತಬಾರದು, ಮುಚ್ಚಬಾರದೆಂದು ಡಿಸ್ಕಿನ ಮೇಲೆಯೇ ಬರೆದಿರುವ ಗಾಳಿರಂಧ್ರದ ಮೇಲೆ ಹಾಯಬಾರದು.

ಥರ್ಮೋಕೋಲ್ ತುರುಕುವ ಸಲಹೆಯನ್ನು ಹಲವರು ಕೊಡುತ್ತಾರೆ. ಅದು ಶಾಖವನ್ನು ಹೊರಬಿಡದೆ ತಡೆಯುವುದರಿಂದ ನಾನು ಒಪ್ಪಲಿಲ್ಲ. ರಬ್ಬರ್ ಬ್ಯಾಂಡು ಬಿಸಿಗೆ ಕೆಲಕಾಲದಲ್ಲೇ ಬಿರಿಯುತ್ತದೆ. ಎರಡು ಬದಿ ಅಂಟಿನ ಟೇಪನ್ನು ನಾನು ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್ಎಸ್‌ಡಿಗೆ ಮಾತ್ರ ಬಳಸುತ್ತೇನೆ. ಅದರಲ್ಲಿ ತಿರುಗುವ ಭಾಗವಿಲ್ಲ, ತೂಕವೂ ಅತ್ಯಲ್ಪ. ಡಿಸ್ಕನ್ನು ಎಲಾಸ್ಟಿಕ್ಕಿನಲ್ಲಿ ತೂಗುಹಾಕಿದರೆ ಸದ್ದು ಬಹಳ ಇಳಿಯುತ್ತದೆ ನಿಜ, ಆದರೆ ಕ್ಯಾಬಿನೆಟ್ಟನ್ನು ಸರಿಸಿದಾಗಲೆಲ್ಲ ಅದು ಒಲೆದಾಡುತ್ತದೆ.

ಮರವು ತಗಡಿನಂತೆ ಶಾಖವನ್ನು ಸಾಗಿಸುವುದಿಲ್ಲವಾದ್ದರಿಂದ ಮುಂದೆ ಒಂದು ಫ್ಯಾನ್ ಅಳವಡಿಸಿ, ಡಿಸ್ಕು ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ಸ್ಮಾರ್ಟ್ ಮಾಹಿತಿಯಲ್ಲಿ ಉಷ್ಣತೆಯನ್ನು ಗಮನಿಸುತ್ತಿದ್ದೇನೆ. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಮಿತಿ ಹೇಳಿದರೂ ನಾನು 45ನ್ನು ದಾಟಲು ಬಿಡುವುದಿಲ್ಲ. ಅದೇ ಪಟ್ಟಿಯಲ್ಲಿ 199 ಸಂಖ್ಯೆಯ ಸಾಲಿನ, ಕೇಬಲ್ಲಿನಲ್ಲಿ ಸಾಗುವಾಗ ಮಾಹಿತಿ ಕೆಟ್ಟದ್ದನ್ನು ತೋರಿಸುವ ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು. ಯಂತ್ರವನ್ನು ವಾಹನದಲ್ಲಿ ಸಾಗಿಸುವುದಿದ್ದರೆ ಟೈಗಳನ್ನು ಕತ್ತರಿಸಿ ಡಿಸ್ಕನ್ನು ಬೇರೆಯಾಗಿಯೇ ಒಯ್ಯುತ್ತೇನೆ.