ಕಾಗದ ಸುಳ್ಳೋ, ಕಾಗದದೊಳಗಿನ ಮಾತು ಸುಳ್ಳೋ? ಜಮೀನಿನ ನಕಲಿ ದಾಖಲೆ ಮೇಲೆ ದೂರು ಬರೆಯುವ ಮುನ್ನ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ತಕರಾರುಗಳಲ್ಲಿ ‘ಫೋರ್ಜರಿ ಮಾಡಿದ್ದಾರೆ’ ಅನ್ನುವ ಮಾತು ಧಾರಾಳ. ಯಾವ ಪತ್ರ, ಎಷ್ಟನೇ ಪುಟ, ಯಾರ ಸಹಿ ಅನ್ನುವುದು ಮಾತ್ರ ದೂರಿನಲ್ಲಿ ಇರುವುದಿಲ್ಲ. ಅಂಥ ದೂರಿಗೆ ಠಾಣೆಯಿಂದ ‘ಸಿವಿಲ್ ಸ್ವರೂಪದ್ದು’ ಎಂಬ ಹಿಂಬರಹ ಬಂದರೆ ಪೂರ್ತಿ ತಪ್ಪು ಪೊಲೀಸರದ್ದೇ ಅಲ್ಲ.

ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 335ನೇ ಕಲಂ ಮೂರು ಬಗೆಯ ಕಾಗದವನ್ನು ಸುಳ್ಳು ದಸ್ತಾವೇಜು ಅನ್ನುತ್ತದೆ. ಒಂದು, ಬರೆಯದವರು ಬರೆದಂತೆ ಅಥವಾ ಅವರ ಒಪ್ಪಿಗೆಯಿಂದ ಬರೆದಂತೆ ಹುಟ್ಟಿಸಿದ್ದು: ತಾಯಿಯ ಬದಲು ಬೇರೆ ಹೆಂಗಸನ್ನು ಸಬ್ ರಿಜಿಸ್ಟ್ರಾರ್ ಮುಂದೆ ಕೂರಿಸಿ ಹೆಬ್ಬೆಟ್ಟು ಒತ್ತಿಸುವುದು. ಎರಡು, ಅಸಲಿ ಪತ್ರವನ್ನು ಆಮೇಲೆ ತಿದ್ದಿದ್ದು: ಸಾಗುವಳಿ ಚೀಟಿಯಲ್ಲಿ (ಸರ್ಕಾರ ಜಮೀನು ಮಂಜೂರು ಮಾಡಿ ಕೊಡುವ ಪತ್ರ) 1 ಎಕರೆಯನ್ನು 4 ಮಾಡುವುದು. ಮೂರು, ಬುದ್ಧಿ ಸ್ಥಿಮಿತ ಇಲ್ಲದವರಿಂದ, ಅಮಲಿನಲ್ಲಿದ್ದವರಿಂದ, ಇಲ್ಲವೇ ‘ಇದು ಪಿಂಚಣಿ ಅರ್ಜಿ’ ಎಂದು ನಂಬಿಸಿ ಜಿಪಿಎಗೆ (ಇನ್ನೊಬ್ಬರಿಗೆ ವ್ಯವಹಾರದ ಅಧಿಕಾರ ಕೊಡುವ ಪತ್ರ) ಸಹಿ ಪಡೆದದ್ದು.

ಇವುಗಳ ಹೊರಗೆ ಉಳಿಯುವ ಪ್ರಕರಣವೇ ಹೆಚ್ಚು ಜನರನ್ನು ಎಡವಿಸುವುದು. ಅಣ್ಣ ಒಟ್ಟು ಕುಟುಂಬದ ಜಮೀನನ್ನು ‘ನನ್ನೊಬ್ಬನದೇ’ ಎಂದು ತನ್ನ ಹೆಸರಲ್ಲಿ, ತನ್ನದೇ ಸಹಿ ಹಾಕಿ ಕ್ರಯ ಮಾಡಿಕೊಟ್ಟ ಅನ್ನಿ. ಮಾತು ಸುಳ್ಳು, ಕಾಗದ ಸುಳ್ಳಲ್ಲ. ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಇಂಥಲ್ಲಿ ಮೋಸ ಹೋದವನು ದುಡ್ಡು ಕೊಟ್ಟ ಖರೀದಿದಾರ. ವಂಚನೆಯ ದೂರು ಅವನದ್ದು. ತಮ್ಮನಿಗಿರುವ ದಾರಿ ಪಾಲು ದಾವೆ. ಆದರೆ ಅದೇ ಅಣ್ಣ ‘ತಮ್ಮ ನನಗೆ ಅಧಿಕಾರ ಕೊಟ್ಟಿದ್ದಾನೆ’ ಎಂದು ಸುಳ್ಳು ಹೇಳಿ ತಮ್ಮನ ಪರವಾಗಿ ಬರೆದುಕೊಟ್ಟಿದ್ದರೆ ಅದು ಫೋರ್ಜರಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಕೊಟ್ಟು ಪೌತಿ ಖಾತೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿಕೊಂಡಲ್ಲಿ ಮೊದಲ ಕೆಲಸ, ಭೂಕಂದಾಯ ಕಾಯ್ದೆ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ.

ಈಗ ಕಾಗದ ಕೂಡಿಸಿ. ಕೈಯಲ್ಲಿರುವ ಜೆರಾಕ್ಸ್ ನಂಬಿ ದೂರು ಬರೆಯಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಮತ್ತು ಕ್ರಯಪತ್ರದ ದೃಢೀಕೃತ ನಕಲು, ತಾಲ್ಲೂಕು ಕಚೇರಿಯಿಂದ ಮ್ಯುಟೇಶನ್ (ಖಾತೆ ಬದಲಾವಣೆ) ಕಡತ, ಹಳೆಯ ಪಹಣಿ ತೆಗೆಸಿ. ಪತ್ರದ ಕೊನೆಯಲ್ಲಿರುವ ಸಾಕ್ಷಿಗಳು, ಗುರುತಿಸಿದವರು, ಬಿಕ್ಕಲಂ ಬರೆದವರು (ಪತ್ರ ಬರೆದುಕೊಟ್ಟ ಬರಹಗಾರರು), ಇವರ ಹೆಸರು ಬಿಡದೆ ಪಟ್ಟಿ ಮಾಡಿ. ಸೋಗು ಹಾಕಿದ್ದರ ಎಳೆ ಸಿಗುವುದು ಸಾಮಾನ್ಯವಾಗಿ ಗುರುತಿಸಿದವರ ಕಡೆಯಿಂದ.

ಹಿಂದಿನ ತಾರೀಖು ಹಾಕಿ ಹುಟ್ಟಿಸಿದ ಕಾಗದ ಹೆಚ್ಚಾಗಿ ಊರಿನ ಹೆಸರಲ್ಲೋ ನಂಬರಿನಲ್ಲೋ ಸಿಕ್ಕಿಬೀಳುತ್ತದೆ. 1998ರ ಸಾಗುವಳಿ ಚೀಟಿಯಲ್ಲಿ ‘ಕಳಸ ತಾಲ್ಲೂಕು’ ಎಂದಿದ್ದರೆ ಮುಂದೆ ಓದುವುದೇ ಬೇಡ. ಆಗ ಕಳಸ ಮೂಡಿಗೆರೆ ತಾಲ್ಲೂಕಿನ ಹೋಬಳಿ. ಪೋಡಿ (ಅಳತೆ ಮಾಡಿ ಜಮೀನು ಬೇರ್ಪಡಿಸುವುದು) ಆದಮೇಲೆ ಬಿದ್ದ ಹೊಸ ಸರ್ವೆ ನಂಬರು ಪೋಡಿಗೆ ಮುಂಚಿನ ಪತ್ರದಲ್ಲಿ ಕಂಡರೂ ಹಾಗೆಯೇ. ಕರಾರು ಪತ್ರವಾದರೆ ಒಳಗಿನ ತಾರೀಖನ್ನು ಇ-ಸ್ಟಾಂಪಿನ ಮೇಲಿರುವ ತಾರೀಖು, ಗಂಟೆಯೊಂದಿಗೆ ಹೋಲಿಸಿ. ಒಂದು ಎಚ್ಚರ: ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬೇರೆ, ‘ಈ ಚೀಟಿ ವಿತರಿಸಿಲ್ಲ’ ಎಂಬುದು ಬೇರೆ. ಮೊದಲನೆಯದು ಏನನ್ನೂ ಸಾಬೀತು ಮಾಡದು. ವಿತರಣಾ ರಿಜಿಸ್ಟರ್ ನೋಡಿ ಉತ್ತರ ಕೊಡಿ ಎಂದು ಮತ್ತೆ ಬರೆಯಿರಿ.

ಸಹಿ ಹೋಲಿಕೆಗೆ ಅದೇ ಕಾಲದ ಅಸಲಿ ಸಹಿ ಬೇಕು. ಬ್ಯಾಂಕಿನ ಖಾತೆ ಫಾರಂ, ಸಹಕಾರ ಸಂಘದ ಸಾಲದ ಪತ್ರ ಎಲ್ಲಿವೆ ಎಂದು ದೂರಿನಲ್ಲೇ ತಿಳಿಸಿ. ಹೆಬ್ಬೆಟ್ಟಾದರೆ ಇನ್ನೂ ವಾಸಿ, ಬೆರಳಚ್ಚು ಸಹಿಗಿಂತ ಗಟ್ಟಿ ಸಾಕ್ಷ್ಯ. ನಿಮ್ಮ ಬಳಿ ಮೂಲ ಪತ್ರ ಇದ್ದರೆ ಲ್ಯಾಮಿನೇಟ್ ಮಾಡಿಸಬೇಡಿ, ಪಿನ್ನು ಹೊಡೆಯಬೇಡಿ, ಗೆರೆ ಎಳೆಯಬೇಡಿ.

ಕಲಂ ಹಾಕುವಾಗ ತಾರೀಖು ನೋಡಿ. 2024ರ ಜುಲೈ 1ಕ್ಕೆ ಮುಂಚೆ ನಡೆದ ಕೃತ್ಯಕ್ಕೆ ಇಂದು ದೂರು ಕೊಟ್ಟರೂ ಹಳೆಯ ಐಪಿಸಿ 419, 420, 467, 468, 471ನೇ ಕಲಂಗಳೇ. ಆಮೇಲಿನದ್ದಕ್ಕೆ ಸಂಹಿತೆಯ 319(2), 318(4), 338, 336(3), 340(2). ಕ್ರಯಪತ್ರ, ಉಯಿಲುಗಳ ಫೋರ್ಜರಿಗೆ 338ರಲ್ಲಿ ಜೀವಾವಧಿವರೆಗೂ ಶಿಕ್ಷೆ ಇದೆ. ಆದರೂ ಖಾಸಗಿ ಕ್ರಯಪತ್ರದ ಮಟ್ಟಿಗೆ ಅದು ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ. ವಿಚಿತ್ರ, ಆದರೆ ಇರುವುದು ಹಾಗೆ. ಆದ್ದರಿಂದ ವಂಚನೆಗಾಗಿ ಫೋರ್ಜರಿ ಮಾಡಿದ್ದು, ಆ ಪತ್ರವನ್ನು ಬ್ಯಾಂಕಿನಲ್ಲೋ ನಾಡಕಚೇರಿಯಲ್ಲೋ ಅಸಲಿ ಎಂದು ಬಳಸಿದ್ದು, ಈ ಎರಡು ಸಂಜ್ಞೇಯ ಅಪರಾಧಗಳನ್ನೂ (ಪೊಲೀಸರು ತಾವಾಗಿ ತನಿಖೆ ಮಾಡಬಹುದಾದವು) ದಿನಾಂಕ ಸಮೇತ ಬರೆಯಿರಿ. ಒಂದು ಸಂಜ್ಞೇಯ ಅಪರಾಧ ಸೇರಿದರೆ ಇಡೀ ಪ್ರಕರಣ ಸಂಜ್ಞೇಯ.

ದೂರು ಎರಡು ಪುಟ ಮೀರದಿರಲಿ: ಸರ್ವೆ ನಂಬರು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ದಸ್ತಾವೇಜಿನ ನೋಂದಣಿ ಸಂಖ್ಯೆ, ಸುಳ್ಳು ಇರುವ ಜಾಗ, ನಿಮಗೆ ಗೊತ್ತಾದ ದಿನ. ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ಎಫ್‌ಐಆರ್ ಆಗದಿದ್ದರೆ ಪೊಲೀಸ್, ಕೋರ್ಟ್ ಕ್ರಮದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಡಿ ಜಿಲ್ಲಾ ಎಸ್‌ಪಿಗೆ ರಿಜಿಸ್ಟರ್ ಪೋಸ್ಟ್. ಅದಕ್ಕೂ ಜಗ್ಗದಿದ್ದರೆ 175(3)ರಡಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ ಪಿಸಿಆರ್ (ಖಾಸಗಿ ದೂರು). ಅದರ ಜೊತೆ ಪ್ರಮಾಣಪತ್ರ ಕಡ್ಡಾಯ, ಎಸ್‌ಪಿಗೆ ಕಳಿಸಿದ ಪೋಸ್ಟ್ ರಸೀದಿಯನ್ನೂ ಲಗತ್ತಿಸಿ. ಠಾಣೆ, ಎಸ್‌ಪಿ ಎರಡನ್ನೂ ದಾಟದೆ ನೇರ ಕೋರ್ಟಿಗೆ ಹೋದ ಅರ್ಜಿ ಅಲ್ಲೇ ನಿಲ್ಲುತ್ತದೆ.

ಕ್ರಿಮಿನಲ್ ಕೇಸು ಗೆದ್ದರೂ ಪಹಣಿ ತಾನಾಗಿ ತಿರುಗಿ ಬರುವುದಿಲ್ಲ. ಕ್ರಯಪತ್ರ ರದ್ದು ಕೋರಿ ಸಿವಿಲ್ ದಾವೆಯನ್ನು ಜೊತೆಜೊತೆಗೇ ಹೂಡಬೇಕು, ಅದಕ್ಕೆ ಮೋಸ ಗೊತ್ತಾದ ದಿನದಿಂದ 3 ವರ್ಷ ಅವಧಿ. ಇ.ಸಿ. ತೆಗೆಸಿದ ದಿನದ ರಸೀದಿ ಎತ್ತಿಡಿ; ಮೋಸ ಗೊತ್ತಾದದ್ದು ಅದರಿಂದಲೇ ಆದರೆ ಆ ಲೆಕ್ಕ ಶುರುವಾಗುವುದು ಅಲ್ಲಿಂದ.